ಪಟ್ಟಣದ ಬೀದಿಗೂ ಬರಲಿ ಕೂಸಿನ ಮನೆ

ಮಾನ್ಯರೇ,

ಧನುರ್ಮಾಸ ಬಂತೆಂದರೆ ಮದುವೆ, ಗೃಹಪ್ರವೇಶಗಳು ನಿಲ್ಲುತ್ತವೆ. ಸಂಕ್ರಾಂತಿಯವರೆಗೆ ಹೊಲಿಗೆ ಯಂತ್ರಕ್ಕೂ ತುಸು ಬಿಡುವು. ದಾವಣಗೆರೆಯಲ್ಲಿ ಮನೆಯ ಮುಂಗೋಣೆಯಲ್ಲೇ ಒಂಬತ್ತು ವರ್ಷಗಳಿಂದ ಬ್ಲೌಸ್ ಹೊಲಿಯುತ್ತಿರುವ, ಇಬ್ಬರು ಮಕ್ಕಳ ತಾಯಿಯಾದ ನನಗೆ ಕುಳಿತು ವರ್ಷದ ಲೆಕ್ಕ ನೋಡಲು ಸಿಗುವ ಕಾಲ ಇದೊಂದೇ. ಈ ಸಲ ಪುಸ್ತಕ ತೆರೆದಾಗ 2025ರ ಅಕ್ಟೋಬರ್ ತಿಂಗಳ ನಡುವೆ ಐದು ದಿನ ಏನೂ ಬರೆಯದೆ ಖಾಲಿ ಉಳಿದಿರುವುದು ಕಣ್ಣಿಗೆ ಬಿತ್ತು. ಆ ಐದು ದಿನಗಳ ಬಗ್ಗೆ, ಮತ್ತು ಹಳ್ಳಿಗಳಲ್ಲಿರುವ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಪಟ್ಟಣಕ್ಕೂ ಏಕೆ ಬೇಕೆಂಬ ಬಗ್ಗೆ ಈ ಪತ್ರ.

ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿಯವರೆಗೆ ನಮಗೆ ಸುಗ್ಗಿ. ಆಗ ದುಡಿದದ್ದರಲ್ಲೇ ಆಷಾಢವನ್ನೂ ಧನುರ್ಮಾಸವನ್ನೂ ದಾಟಬೇಕು. ಆ ವರ್ಷ ಶಿಕ್ಷಕರು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಕೆಲಸದಲ್ಲಿದ್ದುದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಮೂರನೇ ತರಗತಿಯ ಮಗಳು ಮನೆಯಲ್ಲಿದ್ದರೆ, ಮೂರೂವರೆ ವರ್ಷದ ತಮ್ಮ ಅಂಗನವಾಡಿಗೆ ಹೋಗಲು ಸುತರಾಂ ಒಪ್ಪುವುದಿಲ್ಲ. ಅತ್ತೆಯವರು ಊರಿನಲ್ಲಿ, ಸರಕು ಆಟೊ ಓಡಿಸುವ ಯಜಮಾನರು ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ.

ದೀಪಾವಳಿಗೆ ಒಂದು ವಾರವಿದ್ದಾಗ, ಸಂಜೆ ಆರೂವರೆಯ ಸುಮಾರಿಗೆ, ರೇಷ್ಮೆ ಬ್ಲೌಸಿಗೆ ತೋಳು ಜೋಡಿಸಲು ಸೂಜಿಯ ಕೆಳಗೆ ಬಟ್ಟೆ ಸರಿಪಡಿಸುತ್ತಿದ್ದೆ. ಮೇಜಿನಡಿ ಬಾಬಿನ್ ಉರುಳಿಸಿಕೊಂಡು ಆಡುತ್ತಿದ್ದ ಮಗ ಎರಡೂ ಕೈ ಊರಿ ಮೋಟರಿನ ಪೆಡಲ್ ಒತ್ತಿಬಿಟ್ಟ. ಸೂಜಿ ನನ್ನ ಎಡಗೈ ತೋರುಬೆರಳಿನ ಉಗುರನ್ನು ತೂರಿಕೊಂಡು ಹೋಗಿ ಒಳಗೇ ಮುರಿಯಿತು. ನಾನು ಕೂಗಿದ್ದಕ್ಕೆ ಮಗು ಹೆದರಿ, ಹೊರಗೆ ಬರಲೊಲ್ಲದೆ, ಮೇಜಿನ ಕಾಲು ತಬ್ಬಿಕೊಂಡು ಅಲ್ಲೇ ಕುಳಿತಿತ್ತು. ನೋವು ಮರೆತಿದ್ದೇನೆ, ಅವನ ಆ ಮುಖ ಮರೆತಿಲ್ಲ. ಅವನ ಬೆರಳೇ ಅಲ್ಲಿದ್ದಿದ್ದರೆ ಎಂಬ ಯೋಚನೆಯಿಂದ ಈಗಲೂ ರಾತ್ರಿ ಎಚ್ಚರವಾಗುತ್ತದೆ.

ಕತ್ತರಿಸಿಟ್ಟ ಹನ್ನೊಂದು ಬ್ಲೌಸ್‌ಗಳು ಹಾಗೇ ಉಳಿದವು. ಪಕ್ಕದ ಮನೆಯ ಅಕ್ಕ ಐದೂ ದಿನ ಮಗನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಉಣಿಸಿದರು. ಹಿಂದಿನ ಬೀದಿಯಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರು, ತಮ್ಮ ಗಿರಾಕಿಗಳ ಬಟ್ಟೆಯನ್ನೇ ರಾತ್ರಿ ಎರಡರವರೆಗೆ ಹೊಲಿಯುತ್ತಿದ್ದವರು, ನನ್ನ ಎಂಟು ಬ್ಲೌಸ್ ಮುಗಿಸಿಕೊಟ್ಟು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡೇ ಬಾಗಿಲಲ್ಲಿ ನಿಂತು ಬಟ್ಟೆ ಕೊಡುತ್ತಿದ್ದ ನನ್ನನ್ನು ನೋಡಿ ಹಿರಿಯ ಗಿರಾಕಿಯೊಬ್ಬರು, ‘ಮನೆ, ದುಡಿಮೆ ಎರಡನ್ನೂ ತೂಗಿಸ್ಕೊಂಡು ಹೋಗ್ತೀಯ, ಗಟ್ಟಿಗಿತ್ತಿ ಬಿಡವ್ವಾ’ ಎಂದರು. ಅವರ ಪ್ರೀತಿಗೆ ನಾನು ಋಣಿ. ಆದರೆ ಆ ವಾರ ನನ್ನನ್ನು ಬೀಳದಂತೆ ಹಿಡಿದವರು ಆ ಇಬ್ಬರು ಹೆಂಗಸರು. ಅವರೂ ನನ್ನಂತೆಯೇ ನಿದ್ದೆಗೆಟ್ಟವರು. ಹೀಗೆ ಒಬ್ಬರ ದಣಿವಿನ ಮೇಲೆ ಇನ್ನೊಬ್ಬರು ಆತುಕೊಂಡು ಎಷ್ಟು ವರ್ಷ ನಡೆಯಲು ಸಾಧ್ಯ?

ಮನೆಗೆಲಸದಲ್ಲಿ ತೊಡಗುವ ಮಹಿಳೆ ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ, ಪುರುಷ ಕೊಡುವುದು 88 ನಿಮಿಷ ಎಂದು 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳಿದೆ. ನನ್ನ ಕೈಯಲ್ಲಿ 289 ನಿಮಿಷವೆಂದರೆ ಎರಡು ಲೈನಿಂಗ್ ಬ್ಲೌಸ್, ಅಂದರೆ 600 ರೂಪಾಯಿ. ಮಕ್ಕಳ ಆರೈಕೆಯ ಹೊತ್ತು ಇದರಲ್ಲಿ ಸೇರಿಲ್ಲ.

ನೌಕರಿಯಲ್ಲಿರುವ ತಾಯಂದಿರಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ಸಿಕ್ಕಿತು. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂಬ ನಿಯಮವೂ ಬಂತು. ತಿಂಗಳಿಗೊಂದು ದಿನದ ವೇತನಸಹಿತ ಋತುಚಕ್ರ ರಜೆಗೆ ನಮ್ಮ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದೂ 2025ರ ಅದೇ ಅಕ್ಟೋಬರ್‌ನಲ್ಲಿ. ಇವೆಲ್ಲ ಹೋರಾಡಿ ಪಡೆದವು, ನನಗೆ ನಿಜವಾಗಿಯೂ ಸಂತೋಷ ತಂದವು. ಆದರೆ ಸ್ವಂತ ದುಡಿಮೆಯ ಹೆಂಗಸಿಗೆ ರಜೆ ಕೊಡುವವರು ಯಾರು? ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲವೂ ಉಂಟು. ಯಂತ್ರ ಕೊಳ್ಳಲು ನೆರವಿದೆ. ಆ ಯಂತ್ರ ಓಡುವಾಗ ಮಗು ಎಲ್ಲಿರಬೇಕು ಎಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಹಾಗೆ ಯೋಚಿಸಿದ ಒಂದು ಯೋಜನೆ ನಮ್ಮ ರಾಜ್ಯದಲ್ಲೇ ಇದೆ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ ಅದು. ಅದನ್ನು ಪಟ್ಟಣಗಳ ವಾರ್ಡುಗಳಿಗೂ ತರಬೇಕು, ಮತ್ತು ಅದು ಸಂಜೆ ತೆರೆದಿರಬೇಕು ಎಂಬುದು ನನ್ನ ಬೇಡಿಕೆ. ಅಳತೆ ಕೊಡಲು, ಬಟ್ಟೆ ಒಯ್ಯಲು ಗಿರಾಕಿಗಳು ಬರುವುದು ಸಂಜೆ ಐದರಿಂದ ಎಂಟರೊಳಗೆ. ಬ್ಯೂಟಿ ಪಾರ್ಲರ್ ನಡೆಸುವವರಿಗೂ, ಹೂ ಮಾರುವವರಿಗೂ, ರೊಟ್ಟಿ ತಟ್ಟಿ ಖಾನಾವಳಿಗೆ ಕೊಡುವವರಿಗೂ ಅದೇ ಹೊತ್ತು. ನಮ್ಮ ಬೀದಿಯ ಅಂಗನವಾಡಿಗೆ ನಾಲ್ಕು ಗಂಟೆಗೆ ಬೀಗ ಬೀಳುತ್ತದೆ. ಕಟ್ಟಡ, ಚಾಪೆ, ಆಟಿಕೆ ಎಲ್ಲವೂ ಒಳಗೇ ಇರುತ್ತವೆ. ಈಗಾಗಲೇ ಹೊರಲಾರದಷ್ಟು ಹೊತ್ತಿರುವ ಅಂಗನವಾಡಿ ಕಾರ್ಯಕರ್ತೆಯರ ಮೇಲೆ ಇದನ್ನೂ ಹೇರಬಾರದು. ಸಂಜೆಯ ಪಾಳಿಗೆ ಬೇರೆಯವರನ್ನೇ, ಗೌರವಯುತ ಸಂಬಳ ಕೊಟ್ಟು, ನೇಮಿಸಬೇಕು.

ರಾಜ್ಯದ ಮುಂದಿನ ಬಜೆಟ್ ಸಿದ್ಧವಾಗುವ ಮೊದಲೇ ಈ ಮಾತು ಸಂಬಂಧಪಟ್ಟವರ ಕಿವಿಗೆ ಬೀಳಲೆಂದು ಈಗ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಹೀಗೆ ಸ್ವಂತವಾಗಿ ದುಡಿಯುವ ತಾಯಂದಿರು ಐದು ಜನ, ನಮ್ಮ ಚಿಕ್ಕ ಮಕ್ಕಳು ಏಳು. ಕಳೆದ ಭಾನುವಾರ ನಮ್ಮ ಮನೆಯಲ್ಲಿ ಕೂತು ಮಾತನಾಡಿ, ಮಗುವೊಂದಕ್ಕೆ ತಿಂಗಳಿಗೆ 300 ರೂಪಾಯಿಯಂತೆ ನಮ್ಮ ಪಾಲು ಕೊಡಲು ಎಲ್ಲರೂ ಒಪ್ಪಿದ್ದೇವೆ.

– ಹೊಲಿಗೆ ಕೆಲಸದ ತಾಯಿ, ದಾವಣಗೆರೆ