ಮಗಳಿಗೊಂದು ಪತ್ರ: ಪಾಯದ ದುಡ್ಡು ಮೊದಲು ಎತ್ತಿಡು

ವಿಜಯಪುರ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿ ಮನಸ್ಸು ತುಂಬಿತು. ‘ಅವ್ವಾ, 20 ಲಕ್ಷ ಸ್ಯಾಂಕ್ಷನ್ ಆತು, ಇನ್ನ ಮನಿ ಆದಂಗ’ ಅಂದೆ. ನಿಮ್ಮಪ್ಪ ಪಕ್ಕದಲ್ಲೇ ಇದ್ದರು, ಓಣಿಗೆಲ್ಲ ಪೇಢೆ ಹಂಚುತ್ತೇನೆ ಅಂತ ಎದ್ದೇಬಿಟ್ಟರು. ರಾತ್ರಿ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ. 2016ರಲ್ಲಿ ಈ ಮನೆಗೆ ಸಾಲ ಮಂಜೂರಾದಾಗ ನಾನೂ ನಿಮ್ಮಪ್ಪನಿಗೆ ಇದೇ ಮಾತು ಹೇಳಿದ್ದೆ. ಆಗ ನೀನು ಪಿಯುಸಿ ಓದುತ್ತಿದ್ದೆ. ಆ ವರ್ಷ ನಡೆದದ್ದನ್ನು ನಿನಗೆ ಪೂರ್ತಿ ಹೇಳಿಲ್ಲ. ಈಗ ಹೇಳಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿಸು.

ಸ್ಯಾಂಕ್ಷನ್ ಪತ್ರ ದುಡ್ಡಲ್ಲ, ಮಗಳೇ. ಕೊಡುತ್ತೇವೆ ಅಂತ ಬ್ಯಾಂಕಿನವರು ಒಪ್ಪಿದ ಕಾಗದ ಅಷ್ಟೇ. ಕಟ್ಟಿದ ಮನೆ ಕೊಂಡರೆ ದುಡ್ಡು ಒಂದೇ ಸಲ ಬರುತ್ತದೆ. ನಾವೇ ನಿಂತು ಕಟ್ಟಿಸುವ ಮನೆಗೆ ಹಾಗಲ್ಲ. ಪಾಯ ಎದ್ದು ಪ್ಲಿಂತ್, ಅಂದರೆ ಮನೆಯ ಕಟ್ಟೆ, ಆದ ಮೇಲೆ ಒಂದು ಕಂತು. ಗೋಡೆ ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ಒಂದು. ಸ್ಲ್ಯಾಬ್ ಬಿದ್ದ ಮೇಲೆ ಒಂದು. ಗಿಲಾವು, ಫರ್ಶಿ ಮುಗಿಯುವ ಹೊತ್ತಿಗೆ ಕೊನೆಯದು. ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಆದರೆ ದಾರಿ ಇದೇ. ಪ್ರತಿ ಸಲ ಅವರ ಎಂಜಿನಿಯರ್ ಬಂದು ನೋಡಬೇಕು, ಫೋಟೊ ತೆಗೆಯಬೇಕು, ವರದಿ ಕೊಡಬೇಕು. ಆಮೇಲೆ ದುಡ್ಡು. ಅಂದರೆ ಕೆಲಸ ಮುಂದೆ, ದುಡ್ಡು ಹಿಂದೆ. ಅದಕ್ಕೂ ಮೊದಲು ನಿಮ್ಮ ಪಾಲಿನ ದುಡ್ಡು ಹಾಕಿಸುತ್ತಾರೆ. 30 ಲಕ್ಷದವರೆಗಿನ ಸಾಲಕ್ಕೂ ಮನೆಯ ಬೆಲೆಯ ಶೇ. 90ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಎಷ್ಟೋ ಬ್ಯಾಂಕಿನವರು ಅಷ್ಟನ್ನೂ ಕೊಡುವುದಿಲ್ಲ.

ನಮ್ಮ ಕಥೆ ಕೇಳು. ಆಗ 15 ಲಕ್ಷದ ಎಸ್ಟಿಮೇಟ್, 12 ಲಕ್ಷದ ಸಾಲ. ನಮ್ಮ ಕೈಯಲ್ಲಿ 3 ಲಕ್ಷ ಇತ್ತು. ಲೆಕ್ಕ ಸರಿ ಹೋಯಿತಲ್ಲ ಅಂದುಕೊಂಡೆವು. ಎಸ್ಟಿಮೇಟ್‌ನಲ್ಲಿ ಪಾಯಕ್ಕೆ 2 ಲಕ್ಷ ಅಂತ ಬರೆದಿತ್ತು. ನಮ್ಮ ಜಾಗಾ ಎರೆ ಮಣ್ಣಿನದು. ನಾಲ್ಕು ಅಡಿ ತೋಡಿದರು, ಕರಿ ಮಣ್ಣು. ಐದು ಅಡಿ, ಕರಿ ಮಣ್ಣು. ನಾನು ತಗ್ಗಿನ ದಂಡೆಯಲ್ಲಿ ನಿಂತು ನೋಡುತ್ತಿದ್ದೆ. ಗೌಂಡಿ ಒಳಗಿನಿಂದ ಒಂದು ಹೆಂಟೆ ಎತ್ತಿ ನನ್ನ ಕೈಗೆ ಕೊಟ್ಟ. ಬೆಲ್ಲದ ಹಾಗೆ ಅಂಟಂಟು, ಕೈಯಿಂದ ಬಿಡಲೊಲ್ಲದು. ‘ಅಕ್ಕಾರ, ಇದರ ಮ್ಯಾಲ ಗ್ವಾಡಿ ಕಟ್ಟಿದರ ಎರಡು ಮಳಿಗಾಲಕ್ಕ ಬಿರುಕು ಬಿಡತೈತ್ರಿ, ಗರಸು ಹತ್ತೂಮಟ ತೋಡಬೇಕು’ ಅಂದ. ಗರಸು ಅಂದರೆ ಕೆಳಗಿನ ಗಟ್ಟಿ, ಹರಳು ಹರಳಾದ ನೆಲ. ಅವನ ಮಾತು ಖರೆ. ಎರೆ ಮಣ್ಣು ಮಳೆ ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ. ಅದರ ಜೊತೆ ಗೋಡೆಯೂ ಏರಿಳಿಯುತ್ತದೆ. ಏಳು ಅಡಿಗೆ ಗರಸು ಹತ್ತಿತು. ಕಾಲಮ್, ಸಳಿ, ಪ್ಲಿಂತ್ ಬೀಮ್, ಒಳಗೆ ತುಂಬಲು ಲಾರಿಗಟ್ಟಲೆ ಗರಸು ಎಲ್ಲ ಸೇರಿ ಪಾಯಕ್ಕೇ 4 ಲಕ್ಷ ಹೋಯಿತು.

ಬ್ಯಾಂಕಿನ ಮೊದಲ ರೂಪಾಯಿ ಇನ್ನೂ ಬಂದಿರಲಿಲ್ಲ. ನಮ್ಮ ಕೈ ಖಾಲಿ. ನಿಮ್ಮಪ್ಪ ಬೋರ್‌ವೆಲ್ ಮೋಟರ್ ರಿವೈಂಡಿಂಗ್‌ಗೆ ಅಂತ ಇಟ್ಟಿದ್ದ ತಾಮ್ರದ ತಂತಿಯ ದುಡ್ಡನ್ನೂ ಅದಕ್ಕೇ ಹಾಕಿದ್ದರು.

ಪ್ಲಿಂತ್ ಕಂತು 3 ಲಕ್ಷ ಬಂತು. ಅದು ಬಂದದ್ದೇ ಉದ್ರಿ ತೀರಿಸಲು ಹೋಯಿತು. ಹೇಗೋ ಗೋಡೆ ಎಬ್ಬಿಸಿ ಲಿಂಟಲ್‌ವರೆಗೆ ತಂದೆವು. ಎರಡನೇ ಕಂತಿಗೆ ಅರ್ಜಿ ಕೊಟ್ಟರೆ ಎಂಜಿನಿಯರ್ ಮೂರು ವಾರ ಬರಲಿಲ್ಲ. ಬಂದು ಹೋದ ಮೇಲೆ ಮ್ಯಾನೇಜರ್ ವರ್ಗವಾಯಿತು. ಹೊಸಬರು ಬಂದು ಫೈಲಿನಲ್ಲಿ ಜಾಗದ ಉತಾರ (ಹಕ್ಕಿನ ದಾಖಲೆ) ಹಳೆಯದು, ಹೊಸದು ತನ್ನಿ ಅಂದರು. ಅಷ್ಟರಲ್ಲಿ ಮಳೆ ಹಿಡಿಯಿತು. ಸ್ಲ್ಯಾಬಿಗೆ ಅಂತ ಮೊದಲೇ ತರಿಸಿಟ್ಟಿದ್ದ 40 ಚೀಲ ಸಿಮೆಂಟು ಪತ್ರಾಸಿನ ಕೆಳಗೇ ತೇವ ಹಿಡಿದು ಕಲ್ಲಾಯಿತು. ಹಿತ್ತಲಲ್ಲಿ ನುಗ್ಗೆ ಗಿಡದ ಬುಡದಲ್ಲಿ ಒಂದು ದಪ್ಪ ಕಲ್ಲಿದೆಯಲ್ಲ, ನೀನು ಪರೀಕ್ಷೆ ಹೊತ್ತಿನಲ್ಲಿ ಅದರ ಮೇಲೆ ಕೂತೇ ಓದುತ್ತಿದ್ದೆ. ಅದು ಕಲ್ಲಲ್ಲ, ಮಗಳೇ. ಆ 40 ಚೀಲಗಳಲ್ಲಿ ಒಂದು. ಚೀಲ ಹರಿದು ಹೋಗಿದೆ. ಆದರೆ ಮುಂದಿನ ಸಲ ಬಂದಾಗ ಕೈಯಾಡಿಸಿ ನೋಡು, ಅಂಚಿನಲ್ಲಿ ಚೀಲದ ಮಡಿಕೆಯ ಗೆರೆಗಳು ಹಾಗೇ ಇವೆ.

ಮೂರು ತಿಂಗಳು ಕೆಲಸ ನಿಂತಿತು. ಇಲ್ಲಿ ಬಾಡಿಗೆ, ಅಲ್ಲಿ ಬಡ್ಡಿ. ಕೊನೆಗೆ ನನ್ನ ಬಂಗಾರದ ಪಾಟ್ಲಿ ಬಳೆ ತಗೊಂಡು ನಾನೇ ಸರಾಫರ ಅಂಗಡಿಗೆ ಹೋದೆ. ಸಿದ್ಧೇಶ್ವರ ಜಾತ್ರೆಗೆ ಪಾಟ್ಲಿ ಯಾಕೆ ಹಾಕಿಲ್ಲ ಅಂತ ನೀನು ಕೇಳಿದಾಗ ‘ಲಾಕರಿನ್ಯಾಗ ಅದಾವ’ ಅಂದಿದ್ದೆ. ಆ ಸುಳ್ಳು ಇಷ್ಟು ವರ್ಷ ನನ್ನ ಹತ್ತಿರವೇ ಇತ್ತು. ಆ ದುಡ್ಡಿನಿಂದ ಸ್ಲ್ಯಾಬ್ ಬಿತ್ತು. ನನಗೆ ಅದರ ದುಃಖ ಇಲ್ಲ. ಆದರೆ ಮೊದಲೇ ಗೊತ್ತಿದ್ದರೆ ಆ ಮೂರು ತಿಂಗಳ ಸಂಕಟ ನಮಗೆ ಬರುತ್ತಿರಲಿಲ್ಲ. ನಿನಗೆ ಅದು ಬರಬಾರದು.

ನಿಮ್ಮ ತಾಳಿಕೋಟೆ ಜಾಗಾ ನಮ್ಮದಕ್ಕಿಂತ ಕರಿ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅಂತಾರಲ್ಲ, ಆ ಡೋಣಿ ಸಾಲಿನ ಮಣ್ಣು ಅದು. ಜೋಳಕ್ಕೆ ಬಂಗಾರ, ಗೋಡೆಗೆ ಕಷ್ಟ. ಎಸ್ಟಿಮೇಟ್ ಬರೆಯುವ ಎಂಜಿನಿಯರ್ ಆಫೀಸಿನಲ್ಲಿ ಕೂತು ಎಲ್ಲ ಜಾಗಕ್ಕೂ ಒಂದೇ ಪಾಯ ಬರೆಯಬಾರದು. ಅವರನ್ನು ಜಾಗಕ್ಕೆ ಕರೆಸು. ಪಾಯದ ಖರ್ಚು ಎಸ್ಟಿಮೇಟ್‌ನಲ್ಲೇ ಖರೆ ಲೆಕ್ಕದಲ್ಲಿ ಬರಲಿ. ಅದು ಬಂದರೆ ಬ್ಯಾಂಕಿನ ಲೆಕ್ಕವೂ ಸರಿಯಾಗುತ್ತದೆ. ಇಲ್ಲದಿದ್ದರೆ ನೆಲದೊಳಗೆ ಹೋದ ದುಡ್ಡು ಯಾರ ಕಣ್ಣಿಗೂ ಕಾಣುವುದಿಲ್ಲ. ಪ್ಲಿಂತ್ ಆಗುವವರೆಗಿನ ಪೂರ್ತಿ ಖರ್ಚು, ಅದರ ಮೇಲೆ ಇನ್ನೊಂದು ಹಂತದ ಖರ್ಚು, ಇಷ್ಟು ನಿಮ್ಮ ಕೈಯಲ್ಲಿ ಇಲ್ಲದೆ ಗುದ್ದಲಿ ಪೂಜೆಗೆ ದಿನ ಹಿಡಿಯಬೇಡಿ. ಮುಹೂರ್ತ ಮತ್ತೆ ಸಿಗುತ್ತದೆ. ಸಿಮೆಂಟು ಮಾತ್ರ ಬೇಕಾದಾಗ, ಬೇಕಾದಷ್ಟೇ ತರಿಸಿ.

ಕಾಗದಪತ್ರದ ವಿಷಯ ಜಾಸ್ತಿ ಬರೆಯುವುದಿಲ್ಲ, ನೀನು ಓದಿದವಳು. ಎನ್.ಎ. (ಕೃಷಿಯೇತರ) ಆದೇಶ, ಲೇಔಟ್ ನಕ್ಷೆ, ಖರೀದಿ ಪತ್ರ, ಇ-ಖಾತೆ, ಇ.ಸಿ. (ಋಣಭಾರ ಪತ್ರ), ಪುರಸಭೆಯ ಕಟ್ಟಡ ಪರವಾನಗಿ ಎಲ್ಲದರ ಎರಡೆರಡು ಝೆರಾಕ್ಸ್ ಮನೆಯಲ್ಲಿರಲಿ. ಕೊಟ್ಟ ಪ್ರತಿ ಕಾಗದಕ್ಕೂ ಬ್ಯಾಂಕಿನ ಸಿಕ್ಕೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೋ. ಮ್ಯಾನೇಜರ್ ಬದಲಾದರೂ ಆ ಸಿಕ್ಕೆ ಬದಲಾಗುವುದಿಲ್ಲ. ಇನ್ನೊಂದು ಮಾತು. ಜಾಗಾ ಇಬ್ಬರ ಹೆಸರಿನಲ್ಲೂ ಇರಲಿ. ಅಳಿಯಂದಿರ ಮೇಲೆ ನನಗೆ ಭರವಸೆ ಇದೆ, ಅದಕ್ಕಲ್ಲ. ನಿನ್ನ ಪಗಾರದಿಂದ ಕಂತು ಹೋಗುತ್ತದೆ ಅಂದ ಮೇಲೆ ಉತಾರದಲ್ಲಿ ನಿನ್ನ ಹೆಸರೂ ಇರಬೇಕಲ್ವಾ? ಹೆಣ್ಣುಮಕ್ಕಳ ಹೆಸರಿದ್ದರೆ ಕೆಲವು ಬ್ಯಾಂಕಿನವರು ಬಡ್ಡಿಯಲ್ಲೂ ಸ್ವಲ್ಪ ಬಿಡುತ್ತಾರೆ. ಕೇಳು.

ಸಹಿ ಮಾಡುವ ದಿನ ಅವಸರ ಮಾಡುತ್ತಾರೆ. ನಮಗೂ ಮಾಡಿದರು. ಇಂಗ್ಲಿಷ್ ಕಾಗದದ ಕಟ್ಟು ಮುಂದಿಟ್ಟು ‘ಇಲ್ಲೊಂದು, ಇಲ್ಲೊಂದು’ ಅಂತ ಬೆರಳು ತೋರಿಸುತ್ತಾ ಹೋದರು. ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು, ಸಾಲದ ಜೊತೆ ಒಂದು ವಿಮೆಯ ಕಂತನ್ನೂ ಸೇರಿಸಿದ್ದರು. ಅದಕ್ಕೂ ನಾವು ಬಡ್ಡಿ ಕಟ್ಟುತ್ತಿದ್ದೆವು. ಅವರಲ್ಲೇ ಜೀವವಿಮೆ ಕೊಂಡರೆ ಮಾತ್ರ ಸಾಲ ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ವಿಮೆ ಬೇಕು ಅನ್ನಿಸಿದರೆ ನಿನಗೆ ಸರಿ ಕಂಡ ಕಡೆ ತಗೋ. ಈಗ ನಿಮಗೆ ಒಂದು ಅನುಕೂಲ ಇದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕಿನವರು ಸಾಲ ಕೊಡುವ ಮುಂಚೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅಂತ ಒಂದು ಕಾಗದ ಕೊಡಲೇಬೇಕು. ಬಡ್ಡಿ ಎಷ್ಟು, ಫೀ ಎಷ್ಟು, ಎಲ್ಲ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಇರಬೇಕು. ಸಾಲ ತಗೊಳ್ಳುವವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ನಿನಗೆ ಇಂಗ್ಲಿಷ್ ಬರುತ್ತದೆ, ನಿಮ್ಮ ಅತ್ತೆಯವರೂ ಸಹಿ ಹಾಕುವವರಿದ್ದರೆ ಕನ್ನಡದಲ್ಲೇ ಕೊಡಿ ಅಂತ ಕೇಳು. ಮನೆಗೆ ತಂದು ದೀಪದ ಕೆಳಗೆ ಕೂತು ಓದಿ.

ಮನೆ ಮುಗಿಯುವವರೆಗೆ ಬಂದಷ್ಟು ದುಡ್ಡಿಗೆ ಮಾತ್ರ ಬಡ್ಡಿ ಕಟ್ಟುತ್ತೀರಿ. 3 ಲಕ್ಷ ಬಂದಿದ್ದರೆ ಶೇ. 9.5ರ ಲೆಕ್ಕದಲ್ಲಿ ತಿಂಗಳಿಗೆ 2,375 ರೂಪಾಯಿ. ಕಡಿಮೆ ಅನ್ನಿಸುತ್ತದೆ. ಆದರೆ ಅದರಿಂದ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. ಕೆಲಸ ತಡವಾದಷ್ಟೂ ಆ ದುಡ್ಡು ಸುಮ್ನೆ ಹೋಗುತ್ತದೆ. ಬ್ಯಾಂಕಿನವರು ದುಡ್ಡು ಕೊಟ್ಟ ದಿನದಿಂದ ಬಡ್ಡಿ ಹಿಡಿಯಬೇಕು, ಅದಕ್ಕಿಂತ ಹಿಂದಿನಿಂದಲ್ಲ, ಅದನ್ನೂ ನೋಡಿಕೋ. ಇಎಂಐ ಶುರುವಾದ ಮೇಲೆ ವರ್ಷಗಳ ಕಡೆ ಕಣ್ಣಿರಲಿ. 20 ಲಕ್ಷಕ್ಕೆ ಶೇ. 8.5 ಅಂತ ಹಿಡಿ. 20 ವರ್ಷಕ್ಕೆ ತಿಂಗಳಿಗೆ ಸುಮಾರು 17,350. 15 ವರ್ಷಕ್ಕೆ ಸುಮಾರು 19,700. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಜಾಸ್ತಿ ಕಟ್ಟಿದರೆ ಒಟ್ಟು ಬಡ್ಡಿಯಲ್ಲಿ 6 ಲಕ್ಷದ ಮೇಲೆ ಉಳಿಯುತ್ತದೆ.

2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 4ರಿಂದ 6.5ಕ್ಕೆ ಏರಿಸಿತು. ಅದರ ಬೆನ್ನಿಗೆ ನಮ್ಮ ಸಾಲದ ಬಡ್ಡಿಯೂ ಏರಿತು, ಕಂತು ಮಾತ್ರ ಅಷ್ಟೇ ಇತ್ತು. ನಾನು ನಮಗೇನೂ ಆಗಿಲ್ಲ ಅಂದುಕೊಂಡೆ. ಪಾಸ್‌ಬುಕ್ ತುಂಬಿಸಲು ಹೋದಾಗ ಸುಮ್ಮನೆ ಸಾಲದ ಸ್ಟೇಟ್‌ಮೆಂಟ್ ಕೇಳಿದೆ. ಮುಗಿಯುವ ವರ್ಷವೇ ಮುಂದೆ ಹೋಗಿತ್ತು. ಯಾರೂ ಹೇಳಿರಲಿಲ್ಲ. ಈಗ ದರ ಬದಲಾದರೆ ಕಂತು ಏರಿಸಬೇಕೋ ವರ್ಷ ಏರಿಸಬೇಕೋ ಅಂತ ನಿಮ್ಮನ್ನು ಕೇಳಬೇಕು ಅನ್ನುವ ನಿಯಮ ಬಂದಿದೆ. ಅವತ್ತಿನಿಂದ ನಾನು ಬ್ಲೌಸ್ ಹೊಲಿದ ದುಡ್ಡಿನಲ್ಲಿ ದೀಪಾವಳಿಗೊಮ್ಮೆ ಸ್ವಲ್ಪ ಸ್ವಲ್ಪ ಅಸಲಿಗೆ ಕಟ್ಟುತ್ತಾ ಬಂದೆ. ಬಡ್ಡಿ ಏರಿಳಿಯುವ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಇಲ್ಲ.

2025ರಲ್ಲಿ ನಿಮ್ಮಪ್ಪನ ಎಲ್‌ಐಸಿ ಬಂದಾಗ ಉಳಿದದ್ದನ್ನು ಒಂದೇ ಸಲ ಕಟ್ಟಿ ಮುಗಿಸಿದೆವು. ಮೂಲ ಕಾಗದ ಕೇಳಿದರೆ ‘ಮುಂದಿನ ವಾರ ಬರ್ರಿ’ ಅಂದರು. ಮತ್ತೆ ಹೋದರೆ ಮತ್ತೆ ಮುಂದಿನ ವಾರ. ಮೂರನೇ ಸಲ ನಾನು ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಂಡು ಹೋದೆ. ಸಾಲ ತೀರಿದ 30 ದಿನದೊಳಗೆ ಕಾಗದ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ನಿಯಮ ಇದೆ, ಅಷ್ಟೇ ಬರೆದಿದ್ದೆ. ಸಿಕ್ಕೆ ಹಾಕಿಸಿಕೊಂಡು ಬಂದೆ. ನಾಲ್ಕನೇ ದಿನ ಅವರೇ ಫೋನ್ ಮಾಡಿದರು. ಬರೆದು ಕೊಟ್ಟದ್ದಕ್ಕೆ ಬ್ಯಾಂಕಿನಲ್ಲಿ ಬೆಲೆ ಇದೆ. ಬರೆದು ಕೊಟ್ಟ 30 ದಿನಕ್ಕೂ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಅಂದರೆ ಗ್ರಾಹಕರ ಅಹವಾಲು ಕೇಳುವ ಅಧಿಕಾರಿಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಆ ದಿನ ಕಾಗದ ಬಿಚ್ಚಿದಾಗ ಖರೀದಿ ಪತ್ರದ ಕೆಳಗೆ ನಿಮ್ಮಜ್ಜನ ಹೆಬ್ಬೆಟ್ಟು ಕಂಡಿತು. ಮಸಿ ಮಾಸಿದೆ, ಗೆರೆ ಮಾತ್ರ ಒಂದೂ ಅಳಿಸಿಲ್ಲ. ನಿಮ್ಮಪ್ಪ ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಈಗ ನಿನಗೊಂದು ಕೆಲಸ. ಬ್ಯಾಂಕಿಗೆ ಹೋಗುವ ಮೊದಲೇ ಗೌಂಡಿಯನ್ನು ಕರೆದು ಜಾಗದ ಈಶಾನ್ಯದ ಮೂಲೆಯಲ್ಲಿ ಒಂದು ತಗ್ಗು ತೋಡಿಸು. ಗರಸು ಹತ್ತುವವರೆಗೆ ತೋಡಲಿ. ಒಳಗೆ ಟೇಪ್ ಇಳಿಬಿಟ್ಟು ಫೋಟೊ ತೆಗೆದು ನಿಮ್ಮಪ್ಪನ ಫೋನಿಗೆ ಕಳಿಸು. ಎಷ್ಟು ಅಡಿ ಅಂತ ನೋಡಿ, ನಮ್ಮ ಗೌಂಡಿಯನ್ನು ಕೇಳಿ ಪಾಯದ ಲೆಕ್ಕ ಹಾಕಿ ಹೇಳುತ್ತೇವೆ. ನಾನು ಪೋಸ್ಟಾಫೀಸಿನಲ್ಲಿ ಪಾಟ್ಲಿಗೆ ಅಂತ ಕೂಡಿಟ್ಟದ್ದು ಒಂದೂವರೆ ಲಕ್ಷ ಇದೆ. ಅದನ್ನೂ ಆ ಲೆಕ್ಕದಲ್ಲಿ ಹಿಡಿ. ಬೇಡ ಅನ್ನಬೇಡ. ತಗ್ಗಿನ ಸುತ್ತ ಹಗ್ಗ ಕಟ್ಟಿಸು, ಓಣಿಯ ಹುಡುಗರು ಆಡಲು ಬರುತ್ತಾರೆ.

ನಿನ್ನ
ಅವ್ವ