ಎಂಬತ್ತೆಂಟನೆಯ ಕೀರ್ತನೆಯ ಪುಟ

ಮಂಗಳೂರು
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ತಿಳಿಸಿರುತ್ತಾಳೆ. ನಾನು ನಿನ್ನ ಪತ್ರದ ಒಂದು ಸಾಲಿಗಷ್ಟೇ ಉತ್ತರಿಸುತ್ತೇನೆ. ವರ್ಷದೊಳಗೆ ಬೈಬಲನ್ನು, ನಮ್ಮ ಸತ್ಯವೇದವನ್ನು, ಮುಗಿಸಬೇಕೆಂದು ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದುತ್ತಿದ್ದರೂ ಯಾವ ವಚನವೂ ಒಳಗೆ ಇಳಿಯುತ್ತಿಲ್ಲ, ದೇವರು ನನ್ನೊಡನೆ ಮಾತು ಬಿಟ್ಟಿದ್ದಾನೇನೋ ಎಂದು ಬರೆದಿದ್ದೀ. ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ನಿನ್ನ ವಯಸ್ಸಿನಲ್ಲಿ ನನಗೆ ಈ ಭಯ ಇರಲಿಲ್ಲ, ಇರಬೇಕಿತ್ತು. ಭಾನುವಾರ ಶಾಲೆಯಲ್ಲಿ ಬಾಯಿಪಾಠಕ್ಕೆ ಬಹುಮಾನ ಪಡೆದ ನನಗೆ ಯಾವ ಸಂದರ್ಭಕ್ಕೂ ಒಂದು ವಚನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಿನ್ನ ಅತ್ತೆಯ ಮೊದಲ ಮಗುವಿನ ವಿಷಯ ನಿನಗೆ ಗೊತ್ತು. ಅದನ್ನು ಮಣ್ಣುಮಾಡಿ ಬಂದ ಸಂಜೆಯೇ ನಾನು ಅವಳ ಮುಂದೆ ನಿಂತು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆಂಬ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮಾತನ್ನು ಒಪ್ಪಿಸಿಬಿಟ್ಟದ್ದು ನಿನಗೆ ಗೊತ್ತಿರಲಾರದು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಚನವೇನೂ ಸುಳ್ಳಲ್ಲ, ಆದರೆ ಅದಕ್ಕೆ ಎರಡೇ ವಚನ ಮೊದಲು, ಹೇಗೆ ಪ್ರಾರ್ಥಿಸಬೇಕೆಂದೇ ತಿಳಿಯದ ನಮ್ಮ ಪರವಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆಂದು ಪೌಲನು ಹೇಳಿದ್ದಾನೆ, ಅದನ್ನು ನಾನು ಬಾಯಿಪಾಠ ಮಾಡಿರಲಿಲ್ಲ. ವಚನ ಇಳಿಯುತ್ತಿಲ್ಲವೆಂದು ಹೆದರುವ ನೀನು, ಇಳಿದಿದೆಯೆಂದು ನಂಬಿಕೊಂಡಿದ್ದ ನನಗಿಂತ ದೇವರಿಗೆ ದೂರವಾಗಿದ್ದೀಯೆಂದು ನನಗನ್ನಿಸುವುದಿಲ್ಲ.

ನಿನ್ನ ಪತ್ರ ಬಂದ ದಿನ ಅಜ್ಜಿಯ ಸತ್ಯವೇದವನ್ನು ತೆಗೆದು ಅದರೊಳಗಿನ ಪ್ರಾರ್ಥನೆಯ ಹಾಡುಗಳಾದ ಕೀರ್ತನೆಗಳಲ್ಲಿ 88ನೆಯದನ್ನು ಹುಡುಕಿದೆ. ಮೊರೆಯಿಡುವ ಬೇರೆ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ. ಇದು ಮಾತ್ರ 18 ವಚನ ಮೊರೆಯಿಟ್ಟು ಕತ್ತಲೆಯಲ್ಲಿಯೇ ನಿಂತುಬಿಡುತ್ತದೆ. ಏಕೆ ಮುಖ ಮರೆಮಾಡಿಕೊಂಡಿದ್ದೀ ಎಂದು ಬೆಳಗಾಗೆದ್ದು ದೇವರನ್ನೇ ಕೇಳುವ ಆ ಪ್ರಶ್ನೆ, ನಿನ್ನ ಪ್ರಶ್ನೆಯೇ ಅಲ್ಲವೇ, ದೇವರ ವಾಕ್ಯದೊಳಗೇ ಸೇರಿಕೊಂಡಿದೆ. ಪುಟದ ಅಂಚಿಗೆ ಅಜ್ಜಿಯ ಹೆಬ್ಬೆರಳಿನ ಎಣ್ಣೆ ಹಿಡಿದು, ಹಿಂಬದಿಯ ಅಕ್ಷರಗಳು ತಿರುಗುಮುರುಗಾಗಿ ಈಚೆಗೆ ಕಾಣುತ್ತಿವೆ. ಪಕ್ಕದ ಪುಟಗಳಲ್ಲಿ ಅಂಥ ಕಲೆಯಿಲ್ಲ. ಅವಳು ಯಾವ ವರ್ಷಗಳಲ್ಲಿ, ಯಾವ ಸಂಕಟಕ್ಕೆ ಇಲ್ಲಿ ಬೆರಳಿಟ್ಟು ಕುಳಿತಿದ್ದಳೋ! ದಿನವೂ ಮನೆಪ್ರಾರ್ಥನೆಯಲ್ಲಿ ಅವಳ ಎದುರಿಗೇ ಕುಳಿತಿರುತ್ತಿದ್ದರೂ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸಲಹೆ ಕೊಡಲು ಸಂಕೋಚವಾಗುತ್ತದೆ. ಆದರೂ, 1189 ಅಧ್ಯಾಯಗಳ ಲೆಕ್ಕವನ್ನು ಸ್ವಲ್ಪ ದಿನ ಬಿಟ್ಟುಬಿಡು. ಆ ವಿಭಾಗವನ್ನು 13ನೆಯ ಶತಮಾನದಲ್ಲಿ ಇಂಗ್ಲೆಂಡಿನ ಧರ್ಮಾಧ್ಯಕ್ಷ ಸ್ಟೀಫನ್ ಲ್ಯಾಂಗ್ಟನ್ ಮಾಡಿದನೆನ್ನುತ್ತಾರೆ, ಪೌಲನಂತೂ ಮಾಡಿದ್ದಲ್ಲ. ಒಂದೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ ನೋಡಬಹುದೇನೋ. ಇನ್ನೊಂದು, ಒಬ್ಬಳೇ ಓದಬೇಡ. ರಥದಲ್ಲಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅರಮನೆಯ ಕಂಚುಕಿಗೂ ಸುವಾರ್ತೆ ಸಾರುವ ಫಿಲಿಪ್ಪನು ಹತ್ತಿ ಪಕ್ಕದಲ್ಲಿ ಕುಳಿತ ಮೇಲೆಯೇ ಅರ್ಥವಾದದ್ದು. ನಿನ್ನ ಅತ್ತೆಗೆ ಒಮ್ಮೆ ಫೋನ್ ಮಾಡು. ನನಗಿಂತ ಅವಳು ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ.

ಅಜ್ಜಿಯ ಸತ್ಯವೇದವನ್ನು ನಿನಗೇ ಕೊಡಬೇಕೆಂದಿದ್ದೇನೆ. ರಟ್ಟು ಬಿಟ್ಟುಕೊಂಡಿರುವುದರಿಂದ ಅಂಚೆಗೆ ಹಾಕಲು ಧೈರ್ಯವಿಲ್ಲ, ಕ್ರಿಸ್ಮಸ್ಸಿಗೆ ಬಂದಾಗ ತೆಗೆದುಕೊಂಡು ಹೋಗು. ಅಲ್ಲಿಯವರೆಗೆ ಓದಿ ಏನೂ ಅನ್ನಿಸದ ದಿನ, ಏನೂ ಅನ್ನಿಸಲಿಲ್ಲವೆಂದೇ ನನಗೆ ಬರೆ.

ನಿನ್ನ
ದೊಡ್ಡಪ್ಪ