ಜೋಸ್ಲಾಂಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಶನಿವಾರ ರೆನ್‌ನಿಂದ ಗೆಳತಿಯರ ಜೊತೆ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಜೋಸ್ಲಾಂ ಕೋಟೆಗೆ ಹೊರಟಿದ್ದೀನಿ ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಶುರು ಮಾಡಿದರೆ ‘ಹ್ಞೂಂ ಅಮ್ಮ, ಹ್ಞೂಂ ಅಮ್ಮ’ ಅಂತ ಮುಗಿಸಿಬಿಡ್ತೀಯ.

ಟಿಕೆಟ್ ಕೊಳ್ಳುವ ಮೊದಲು ಕೆಳಗೆ ಊಸ್ತ್ ನದಿಯ ದಡಕ್ಕೆ ಹೋಗಿ ತಲೆಯೆತ್ತಿ ನೋಡು. ಬಂಡೆಯಿಂದಲೇ ಎದ್ದು ಬಂದ ಗೋಡೆ, ಚೂಪು ಚಾವಣಿಯ ಮೂರು ದುಂಡು ಗೋಪುರ. ಶತ್ರು ನೋಡಲಿ ಅಂತಲೇ ಕಟ್ಟಿದ್ದು. ಅಲಂಕಾರದ ಗೊಡವೆಯೇ ಇಲ್ಲ. ಆಮೇಲೆ ಸುತ್ತು ಹಾಕಿ ಒಳ ಅಂಗಳಕ್ಕೆ ಬಾ. ಅದೇ ಕಟ್ಟಡದ ಇನ್ನೊಂದು ಮೈ, ಗ್ರಾನೈಟಿನಲ್ಲಿ ಹೆಣೆದ ಕಸೂತಿ. ಈ ಎರಡು ಮುಖಗಳ ನಡುವೆ ಸುಮಾರು ನೂರು ವರ್ಷವಿದೆ, ಒಂದಷ್ಟು ಮದುವೆಗಳಿವೆ.

ಇಲ್ಲಿ ಮೊದಲು ಕೋಟೆ ಕಟ್ಟಿದ್ದು 1008ರ ಸುಮಾರಿಗೆ, ಗೆತೆನೋಕ್ ಎಂಬ ಪಾಳೆಯಗಾರ. ಹೆಸರು ಮಾತ್ರ ಮಗ ಜೋಸ್ಲಾಂನದು. 1168ರಲ್ಲಿ ಇಂಗ್ಲೆಂಡಿನ ಎರಡನೇ ಹೆನ್ರಿ ಅದನ್ನು ನೆಲಸಮ ಮಾಡಿದ. ನೀನು ಕಾಣುವ ಗೋಪುರಗಳು ಒಲಿವಿಯೆ ದ ಕ್ಲಿಸೋಂನವು. 1370ರಲ್ಲಿ ಕೋಟೆ ಅವನ ಕೈಗೆ ಬಂತು. ಹತ್ತು ವರ್ಷದಲ್ಲಿ ಅವನು ಫ್ರಾನ್ಸಿನ ಮಹಾದಂಡನಾಯಕನೂ ಆದ. ಒಂಬತ್ತು ಗೋಪುರ, ನಡುವೆ ಒಂದು ದೈತ್ಯ ಬುರುಜು ಕಟ್ಟಿಸಿದ. ಅವನ ಎರಡನೆಯ ಹೆಂಡತಿ ಮಾರ್ಗರೀತ್ ರೋಆನ್ ಮನೆತನದವಳು. ಮಗಳು ಬೆಯಾತ್ರಿಸ್ ಮದುವೆಯಾಗಿದ್ದೂ ರೋಆನ್ ಮನೆತನದ ಎಂಟನೇ ಆಲೆನ್‌ನನ್ನು. 1407ರಲ್ಲಿ ಕ್ಲಿಸೋಂ ತೀರಿಕೊಂಡ ಮೇಲೆ ಕೋಟೆ ಮಗಳ ಸೆರಗು ಹಿಡಿದು ರೋಆನರ ಪಾಲಾಯಿತು. ಗೈಡುಗಳು ದಂಡನಾಯಕನ ಬಗ್ಗೆ ಎಷ್ಟಾದರೂ ಹೇಳುತ್ತಾರೆ, ಬೆಯಾತ್ರಿಸಳಿಗೆ ಅರ್ಧ ವಾಕ್ಯ. ನೀನಾದರೂ ನೆನಪಿಟ್ಟುಕೋ.

ಕಸೂತಿಯ ಗೋಡೆ ರೋಆನರ ವಂಶದ ಎರಡನೇ ಜಾನ್‌ನದು. ಇವನ ಹೆಂಡತಿ ಬ್ರಿಟನಿಯ ಹಿಂದಿನ ಡ್ಯೂಕನೊಬ್ಬನ ಮಗಳು ಮಾರಿ. ಆ ಬಲದ ಮೇಲೆ ಇಡೀ ಬ್ರಿಟನಿಯೇ ತನ್ನದಾಗಬೇಕು ಎಂದು ಹಟ ಹಿಡಿದು, ಫ್ರಾನ್ಸಿನ ರಾಜನ ಪಕ್ಷ ಸೇರಿದ. ಸಿಟ್ಟಿಗೆದ್ದ ಡ್ಯೂಕ್ ಎರಡನೇ ಫ್ರಾಂಸ್ವಾ 1488ರಲ್ಲಿ ಕೋಟೆ ಹಿಡಿದು ಒಂದಿಷ್ಟನ್ನು ಕೆಡವಿಸಿದ. ಅದೇ ವರ್ಷ ಡ್ಯೂಕ್ ಸತ್ತ, ಬ್ರಿಟನಿ ಅವನ ಮಗಳು ಆನ್‌ಗೆ ಬಂತು. ಜಾನ್‌ಗೆ ರಾಜ್ಯ ಸಿಗಲಿಲ್ಲ, ಕೋಟೆ ಮರಳಿ ಸಿಕ್ಕಿತು. 1490ರಿಂದ 1510ರ ನಡುವೆ ಈ ಮುಂಭಾಗ ಕಟ್ಟಿಸುವಾಗ ಆನ್ ಹೆಸರಿನ ಮೊದಲಕ್ಷರಕ್ಕೆ ಕಿರೀಟವಿಟ್ಟು ಕೆತ್ತಿಸಿದ. ಕೃತಜ್ಞತೆಯೋ ಓಲೈಕೆಯೋ, ನೀನೇ ನೋಡಿ ನಿರ್ಧರಿಸು. ನನಗಂತೂ ಓಲೈಕೆ ಅನ್ನಿಸುತ್ತದೆ. ಚಾವಣಿಯಂಚಿನ ಕಲ್ಲಿನ ಕಟಕಟೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡುತ್ತಾ ಹೋಗು. ವಿನ್ಯಾಸ ಬದಲಾಗುತ್ತಲೇ ಇರುತ್ತದೆ. ಉಳಿಗೆ ಅಷ್ಟು ಸುಲಭಕ್ಕೆ ಬಗ್ಗದ ಕಲ್ಲಿನಲ್ಲಿ ಇದನ್ನು ಬಿಡಿಸಿದ ಶಿಲ್ಪಿಗಳಿಗೆ ಯಾವ ಡ್ಯೂಕನಿಗಿಂತ ಹೆಚ್ಚು ನಮಸ್ಕಾರ ಸಲ್ಲಬೇಕು. ‘ಆ ಪ್ಲು’ ಎಂಬ ಅಕ್ಷರಗಳೂ ಸಿಗುತ್ತವೆ. ಅದು ರೋಆನರ ಘೋಷವಾಕ್ಯ.

ಅಂಗಳ ಅಷ್ಟು ವಿಶಾಲವಾಗಿ, ಬಿಸಿಲು ತುಂಬಿಕೊಂಡು ಕಾಣುವುದಕ್ಕೆ ಕಾರಣ ಫ್ರಾನ್ಸಿನ ರಾಜನ ಮುಖ್ಯಮಂತ್ರಿಯಾಗಿದ್ದ ಕಾರ್ಡಿನಲ್ ರಿಶೆಲ್ಯು. ಆಗಿನ ಡ್ಯೂಕ್ ಆನ್ರಿ ದ ರೋಆನ್ ಪ್ರಾಟೆಸ್ಟೆಂಟರ ನಾಯಕ. 1628ರಲ್ಲಿ ಅವರ ಭದ್ರನೆಲೆ ಲಾ ರೋಶೆಲ್ ರಾಜನ ಸೈನ್ಯಕ್ಕೆ ಬಿದ್ದ ಬೆನ್ನಿಗೇ, 1629ರಲ್ಲಿ, ಜೋಸ್ಲಾಂನ ದೊಡ್ಡ ಬುರುಜನ್ನೂ ಹಲವು ಗೋಪುರಗಳನ್ನೂ ಕೆಡವಿಸಲಾಯಿತು. ‘ನಿಮ್ಮ ಬೌಲಿಂಗ್ ಆಟದ ಕಂಬಗಳ ನಡುವೆ ಒಳ್ಳೆಯ ಚೆಂಡೊಂದನ್ನು ಉರುಳಿಸಿದ್ದೇನೆ’ ಎಂದು ಕಾರ್ಡಿನಲ್ ಡ್ಯೂಕನಿಗೆ ಹೇಳಿದನಂತೆ. ಉಳಿದದ್ದು ನದಿ ಕಡೆಯ ಮೂರು, ಒಂಟಿಯಾಗಿ ನಿಂತ ಸೆರೆಮನೆ ಗೋಪುರ ಇನ್ನೊಂದು. ಇಷ್ಟವಿದ್ದರೂ ಇಲ್ಲದಿದ್ದರೂ ಒಪ್ಪಿಕೊಳ್ಳಬೇಕು, ಆ ಬುರುಜು ಇದ್ದಿದ್ದರೆ ನಿನಗೆ ಇಷ್ಟು ಬಯಲು ಸಿಗುತ್ತಿರಲಿಲ್ಲ.

ಆಮೇಲಿನದು ಪಾಳು ಬಿದ್ದ ಕತೆ. ಕ್ರಾಂತಿಯ ಕಾಲದಲ್ಲಿ ಸೆರೆಮನೆ, ಉಗ್ರಾಣ. 1822ರಲ್ಲಿ ಫ್ರಾನ್ಸಿನ ರಾಜಮನೆತನದ ಸೊಸೆ, ಬೆರ್ರಿಯ ಡಚೆಸ್ ಬಂದು ನೋಡಿ, ಇದನ್ನು ಸರಿಮಾಡಿಸಿ ಎಂದು ಆಗಿನ ಡ್ಯೂಕನ ಬೆನ್ನು ಬಿದ್ದಳು. ಜೀರ್ಣೋದ್ಧಾರ 19ನೇ ಶತಮಾನದುದ್ದಕ್ಕೂ ಕುಂಟುತ್ತಾ ನಡೆಯಿತು. ಹಾಗಾಗಿ ಒಳಗಿನ ಕೋಣೆಗಳ ಮಧ್ಯಯುಗದ ಗತ್ತನ್ನು ಪೂರ್ತಿ ನಂಬಬೇಡ. ಬಹುಪಾಲು ಆ ಶತಮಾನದ ಕೈಕೆಲಸ. ಊಟದ ಹಜಾರದಲ್ಲಿ ಕುದುರೆಯೇರಿದ ಕ್ಲಿಸೋಂ ಕೂಡ ಶಿಲ್ಪಿ ಫ್ರೆಮ್ಯೆಯ ಕೃತಿ, ಅದೇ ಶತಮಾನದ್ದು. ರೋಆನ್ ಮನೆಯವರು ಇವತ್ತಿಗೂ ಅಲ್ಲೇ ಇದ್ದಾರೆ, ಅದಕ್ಕೇ ಎಲ್ಲ ಬಾಗಿಲೂ ನಿಮಗೆ ತೆರೆಯುವುದಿಲ್ಲ. ಲಾಯದಲ್ಲಿರುವ ಗೊಂಬೆ ಮ್ಯೂಸಿಯಂ ನಿನ್ನ ಗೆಳತಿಯರಿಗೆ ಹಿಡಿಸಬಹುದು.

ಬಸ್ಸಿಗೆ ಮುನ್ನ ಸಮಯ ಉಳಿದರೆ ಊರ ನಡುವಿನ ನೋತ್ರ್ ದಾಮ್ ದ್ಯು ರೋಂಸ್ಯೆ ಚರ್ಚಿಗೂ ಹೋಗು. ಕ್ಲಿಸೋಂ ಮಲಗಿರುವುದು ಅಲ್ಲಿ, ಪಕ್ಕದಲ್ಲೇ ಮಾರ್ಗರೀತ್. ಫೋಟೋ ಕಳಿಸುವುದಾದರೆ ಅವಳ ಮುಖದ್ದು ಕಳಿಸು, ಗಂಡನದು ಎಲ್ಲ ಕಡೆ ಸಿಗುತ್ತದೆ.

ನಿನ್ನ ಅಮ್ಮ